ಗಂಟಲಿನ ಗಂಟಿನ ಹಿಂದೆ ಬಿದ್ದ ಡಾಕ್ಟರ್

ನರ್ಸಿಂಗ್ ಓದುತ್ತಿರುವ ನನಗೆ ಬಹಳ ಹಿಡಿಸಿದ ಹೆಸರು ರಾಬರ್ಟ್ ಮೆಕ್‌ಕ್ಯಾರಿಸನ್. 1878ರಲ್ಲಿ ಐರ್ಲೆಂಡಿನ ಪೋರ್ಟಡೌನ್‌ನಲ್ಲಿ ಹುಟ್ಟಿ, ಬೆಲ್‌ಫಾಸ್ಟ್‌ನಲ್ಲಿ ವೈದ್ಯಕೀಯ ಮುಗಿಸಿ, 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. ಆಗ ಅವರಿಗೆ 23. ನಮ್ಮಲ್ಲಿ ಬಹಳಷ್ಟು ಜನ ಇನ್ನೂ ಅರ್ಜಿ ತುಂಬುತ್ತಿರುವ ವಯಸ್ಸು!

ಮುಂದೆ ಗಿಲ್ಗಿಟ್‌ಗೆ ಹೋದರು. ಅಲ್ಲಿ ಒಂದೇ ಹರಿವಿನ ನೀರು ಕುಡಿಯುವ ಹಳ್ಳಿಗಳಲ್ಲಿ ಮೇಲಿನ ಊರಿಗಿಂತ ಕೆಳಗಿನ ಊರಿನಲ್ಲಿ ಗಳಗಂಡ ಹೆಚ್ಚು. ಊರೂರಿನ ಹೊಲಸು ನೀರಿಗೆ ಸೇರುವುದೇ ಕಾರಣವೆಂದು ಶಂಕಿಸಿ, ಆ ನೀರು ಸೋಸಿ ಉಳಿದ ಗಸಿಯನ್ನು ತಾವೇ ಕುಡಿದರು. ಥೈರಾಯ್ಡ್ ಗ್ರಂಥಿ ಊದಿತು. ಕುದಿಸಿದ ಗಸಿ ಕುಡಿದವರಿಗೆ ಏನೂ ಆಗಲಿಲ್ಲ. ಹುಚ್ಚು ಧೈರ್ಯವೇ ಸರಿ. ಆದರೆ ಅಯೋಡಿನ್ ಕೊರತೆಯೇ ಮುಖ್ಯ ಕಾರಣ ಎಂಬುದನ್ನು ಅವರು ಒಪ್ಪಲಿಲ್ಲ; ಇಂದಿನ ಉಪ್ಪಿನ ಪೊಟ್ಟಣ ಬೇರೆಯೇ ಹೇಳುತ್ತದೆ.

1918ರಲ್ಲಿ ನೀಲಗಿರಿಯ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನ ಒಂದೇ ಕೋಣೆಯಲ್ಲಿ ಬೆರಿಬೆರಿ ರೋಗದ ಅಧ್ಯಯನ ಶುರುವಾಯಿತು. ಪಾಲಿಶ್ ಅಕ್ಕಿ ತಿಂದ ಪಾರಿವಾಳಗಳ ಅಡ್ರಿನಲ್ ಗ್ರಂಥಿ ಊದಿತ್ತು, ಥೈಮಸ್ ಬತ್ತಿತ್ತು, ಥೈರಾಯ್ಡ್ ಕೂಡ ಸ್ವಲ್ಪ ಕುಗ್ಗಿತ್ತು. ವಿಟಮಿನ್ ಕೊರತೆ ಗ್ರಂಥಿಗಳನ್ನೂ ಮುಟ್ಟುತ್ತದೆ ಎಂಬುದು ಆ ಕಾಲಕ್ಕೆ ಹೊಸ ಮಾತು.

ಕಟಕೋಳದ ನಮ್ಮ ಮನೆಯಲ್ಲೇ ಇದರ ನೆನಪಾಯಿತು. ಧಾರವಾಡದಲ್ಲಿ ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಅಕ್ಕನಿಗೆ ಥೈರಾಯ್ಡ್ ಕೆಲಸ ಕಡಿಮೆ. ಮಾತ್ರೆ ನುಂಗಿದರೂ ಸುಸ್ತು, ಕೂದಲು ಉದುರುವುದು, ಕಾಲು ಜುಮ್ಮೆನ್ನುವುದು ನಿಲ್ಲಲಿಲ್ಲ. ಡಾಕ್ಟರು ಬಿ12 ಪರೀಕ್ಷೆ ಮಾಡಿಸಿದಾಗ ಅದೂ ಕಡಿಮೆಯೇ. ಎರಡರ ಲಕ್ಷಣಗಳೂ ಒಂದರಂತೆ ಒಂದು. ಅದೂ ಅಲ್ಲದೆ, ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ತಿರುಗಿ ಬಿದ್ದಾಗ ಕೆಲವರಲ್ಲಿ ಹೊಟ್ಟೆ ಬಿ12 ಹೀರುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಬರೀ ಚಹಾ, ಬಿಸ್ಕೀಟಿನ ಮೇಲೆ ದಿನ ದೂಡುವ ರೂಮಿನ ಬದುಕು ಬೇರೆ.

ಮೆಕ್‌ಕ್ಯಾರಿಸನ್ ಅವರ ಇಲಿಗಳ ಪ್ರಯೋಗ ಇನ್ನೂ ಸ್ವಾರಸ್ಯ. ಏಳು ಪ್ರಾಂತಗಳ ಊಟವನ್ನು ಏಳು ಗುಂಪಿಗೆ ಹಾಕಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಕಾಯಿಪಲ್ಲೆ ತಿಂದ ಸಿಖ್ಖರ ಊಟದ ಇಲಿಗಳು ಸರಾಸರಿ 235 ಗ್ರಾಂ ತೂಗಿದವು. ಮದ್ರಾಸಿನ ಊಟದವು 155. ಕನ್ನಡಿಗರ ಊಟದವು 185, ಐದನೇ ಸ್ಥಾನ. ಓದಿದಾಗ ಸ್ವಲ್ಪ ಮುಖ ಸಣ್ಣದಾಯಿತು, ನಿಜ.

1933ರಲ್ಲಿ ಸರ್ ಪದವಿ ಬಂತು, 1935ರಲ್ಲಿ ನಿವೃತ್ತಿ. ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮೆಕ್‌ಕ್ಯಾರಿಸನ್ 1960ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು.