ಎಲುಬಿನ ಗುಟ್ಟು ತಿಳಿಸಿದ ಜಾರ್ಜ್ ಹೆವೆಸಿ

ಜಾರ್ಜ್ ಹೆವೆಸಿಯವರು 1885ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಸಿರಿವಂತರ ಮನೆಯಲ್ಲಿ ಜನಿಸಿದರು. ರಸಾಯನಶಾಸ್ತ್ರ ಕಲಿತು, 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ ರುದರ್‌ಫರ್ಡರ ಪ್ರಯೋಗಾಲಯ ಸೇರಿದರು. ರಾಶಿ ಸೀಸದಲ್ಲಿ ಬೆರೆತಿದ್ದ ರೇಡಿಯಂ-ಡಿ ಎಂಬ ವಿಕಿರಣ ವಸ್ತುವನ್ನು ಬೇರ್ಪಡಿಸುವ ಕೆಲಸವನ್ನು ಗುರುಗಳು ಅವರಿಗೆ ಒಪ್ಪಿಸಿದರು. ಎಷ್ಟು ಹೆಣಗಿದರೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ, ಅದು ಸೀಸದ್ದೇ ಇನ್ನೊಂದು ರೂಪವಾಗಿತ್ತು! ಬೇರೆಯಾಗದಿದ್ದರೆ ಅದನ್ನೇ ಗುರುತಾಗಿ ಬಳಸಬಹುದಲ್ಲ ಎಂದು ಹೆವೆಸಿ ಯೋಚಿಸಿದರು. ಮೇಯಲು ಬಿಟ್ಟ ದನದ ಕೊರಳಿಗೆ ಗಂಟೆ ಕಟ್ಟಿದ ಹಾಗೆ, ಚೂರು ವಿಕಿರಣ ವಸ್ತು ಬೆರೆಸಿದರೆ ಸೀಸ ಎಲ್ಲಿಗೆ ಹೋಯಿತೆಂದು ಉಪಕರಣ ಹೇಳುತ್ತದೆ.

ಅವರ ವಸತಿಗೃಹದ ಒಡತಿ ತಟ್ಟೆಯಲ್ಲಿ ಉಳಿದ ಮಾಂಸವನ್ನೇ ಮತ್ತೆ ಬಡಿಸುತ್ತಾಳೆಂಬ ಗುಮಾನಿ ಅವರಿಗಿತ್ತಂತೆ. ಉಳಿದದ್ದಕ್ಕೆ ವಿಕಿರಣ ವಸ್ತು ಬೆರೆಸಿ, ಮುಂದಿನ ಊಟದಲ್ಲಿ ಅದನ್ನು ಪತ್ತೆಹಚ್ಚಿದರೆಂಬ ಕಥೆಯಿದೆ. ಮಕ್ಕಳೇ, ನೀವು ಮಾತ್ರ ಊಟದೊಡನೆ ಇಂಥ ಪ್ರಯೋಗಕ್ಕೆ ಇಳಿಯಬೇಡಿ.

1935ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವರು ಒಬ್ಬ ವೈದ್ಯರೊಡನೆ ಸೇರಿ ಇಲಿಗಳಿಗೆ ವಿಕಿರಣಶೀಲ ರಂಜಕವನ್ನು ಕೊಟ್ಟು ನೋಡಿದರು. ಅದು ಎಲುಬನ್ನು ಸೇರುತ್ತಿತ್ತು, ಮತ್ತೆ ಎಲುಬಿನಿಂದ ಹೊರಬರುತ್ತಿತ್ತು. ಎಲುಬು ಕಲ್ಲಿನಂತೆ ಜಡವಲ್ಲ, ಹಳೆಯದು ಕರಗಿ ಹೊಸದು ಕೂಡುತ್ತಲೇ ಇರುತ್ತದೆ ಎಂಬುದು ಹೀಗೆ ತಿಳಿಯಿತು.

1940ರಲ್ಲಿ ಜರ್ಮನ್ ಸೈನ್ಯ ಡೆನ್ಮಾರ್ಕಿಗೆ ನುಗ್ಗಿದಾಗ, ಲಾವೆ ಮತ್ತು ಫ್ರಾಂಕ್ ಎಂಬ ವಿಜ್ಞಾನಿಗಳ ನೊಬೆಲ್ ಚಿನ್ನದ ಪದಕಗಳನ್ನು ಹೆವೆಸಿ ಆಮ್ಲದಲ್ಲಿ ಕರಗಿಸಿಟ್ಟು ಉಳಿಸಿದರು. ಮುಂದೆ 1943ರ ರಸಾಯನಶಾಸ್ತ್ರದ ನೊಬೆಲ್ ಅವರಿಗೇ ಸಂದಿತು. 1966ರಲ್ಲಿ ತೀರಿಕೊಂಡರು.

ಅವರ ಗುರುತಿನ ವಿಧಾನ ಆಸ್ಪತ್ರೆಗಳಲ್ಲಿ ಉಳಿಯಿತು. ಸ್ತನ, ಪ್ರಾಸ್ಟೇಟ್ ಮತ್ತು ಶ್ವಾಸಕೋಶದ ಕ್ಯಾನ್ಸರ್ ಎಲುಬಿಗೆ ಹರಡುವುದುಂಟು. ಖನಿಜಾಂಶ ಮೂರರಲ್ಲೊಂದು ಪಾಲಾದರೂ, ಕೆಲವೊಮ್ಮೆ ಅರ್ಧದಷ್ಟು, ಕರಗುವ ತನಕ ಸಾದಾ ಎಕ್ಸ್-ರೇಯಲ್ಲಿ ಅದು ಕಾಣದೆ ಹೋಗಬಹುದು. 1971ರಲ್ಲಿ ಅಮೆರಿಕದಲ್ಲಿ ಸುಬ್ರಮಣಿಯನ್ ಮತ್ತು ಮೆಕಾಫೀ ಎಂಬವರು ರಂಜಕದ ಸಂಯುಕ್ತಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ಧಾತುವನ್ನು ಜೋಡಿಸಿದರು. ಅದನ್ನು ರಕ್ತನಾಳಕ್ಕೆ ಚುಚ್ಚಿ, ಎರಡು ಮೂರು ಗಂಟೆಯ ಬಳಿಕ ವಿಶೇಷ ಕ್ಯಾಮರಾದಿಂದ ಚಿತ್ರ ತೆಗೆಯುತ್ತಾರೆ. ರೋಗ ತಗುಲಿದಲ್ಲಿ ಎಲುಬು ಗಡಿಬಿಡಿಯಿಂದ ಹೊಸದನ್ನು ಕಟ್ಟಿಕೊಳ್ಳುವುದರಿಂದ ಗುರುತಿನ ವಸ್ತು ಅಲ್ಲಿ ಹೆಚ್ಚು ಸೇರಿ ಚುಕ್ಕೆಯಾಗಿ ಕಾಣುತ್ತದೆ. ಇದೇ ಬೋನ್ ಸ್ಕ್ಯಾನ್. ಹಿಂದೆ ಕ್ಯಾನ್ಸರ್ ಚಿಕಿತ್ಸೆ ಪಡೆದವರಿಗೆ ರಾತ್ರಿಯೂ ಬಿಡದ ಬೆನ್ನುನೋವು ಬಂದಾಗ, ಎಕ್ಸ್-ರೇ ಸರಿಯಿದ್ದರೂ ವೈದ್ಯರು ಇಂಥ ಪರೀಕ್ಷೆಗೆ ಕಳುಹಿಸುವುದು ಇದಕ್ಕೇ. ಚುಕ್ಕೆ ಕಂಡ ಕೂಡಲೇ ಮನೆಯವರು ಎದೆಗುಂದಬೇಕಿಲ್ಲ. ಹಳೆಯ ಮುರಿತ, ಸಂಧಿವಾತ ಇದ್ದಲ್ಲಿಯೂ ಅದು ಕಾಣುತ್ತದೆ. ಬೇರೆ ಚಿತ್ರಗಳನ್ನು ನೋಡಿ, ಬೇಕಾದರೆ ಎಲುಬಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ ವೈದ್ಯರು ಖಚಿತವಾಗಿ ಹೇಳುತ್ತಾರೆ.