ಪಾಲ್ ಬ್ರ್ಯಾಂಡ್

ಡಾ. ಪಾಲ್ ವಿಲ್ಸನ್ ಬ್ರ್ಯಾಂಡ್ (ಜುಲೈ 17, 1914 – ಜುಲೈ 8, 2003) ಭಾರತದಲ್ಲಿ ಜನಿಸಿದ ಬ್ರಿಟಿಷ್ ಶಸ್ತ್ರವೈದ್ಯರು ಹಾಗೂ ಕ್ರೈಸ್ತ ಮಿಷನರಿ. ತಮಿಳುನಾಡಿನ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳ ಪುನಶ್ಚೇತನಕ್ಕಾಗಿ ಸುಮಾರು ಎರಡು ದಶಕಗಳ ಕಾಲ ದುಡಿದರು. ಕುಷ್ಠರೋಗಿಗಳ ಬೆರಳು ಮತ್ತು ಪಾದಗಳು ರೋಗದಿಂದ ತಾವಾಗಿಯೇ ಕೊಳೆತು ಉದುರುತ್ತವೆ ಎಂಬ ನಂಬಿಕೆಯನ್ನು ಅವರು ತಪ್ಪೆಂದು ತೋರಿಸಿದರು. ನೋವಿನ ಅರಿವು ಇಲ್ಲದಿರುವುದರಿಂದ ಆಗುವ ಗಾಯಗಳೇ ಆ ಅಂಗಹಾನಿಗೆ ಮುಖ್ಯ ಕಾರಣ ಎಂಬುದು ಅವರ ನಿರ್ಣಯ. ಈ ತಿಳಿವಳಿಕೆಯ ಮೇಲೆ ರೂಪುಗೊಂಡ ಪಾದರಕ್ಷಣಾ ಕ್ರಮಗಳು ಇಂದು ಮಧುಮೇಹಿಗಳಿಗೂ ಉಪಯುಕ್ತವಾಗಿವೆ.

ಬಾಲ್ಯ ಮತ್ತು ಶಿಕ್ಷಣ

ಬ್ರ್ಯಾಂಡ್ ಅವರು ಇಂದಿನ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಜನಿಸಿದರು. ತಂದೆ ಜೆಸ್ಸಿ ಬ್ರ್ಯಾಂಡ್ ಮತ್ತು ತಾಯಿ ಎವೆಲಿನ್ ಇಬ್ಬರೂ ಬ್ಯಾಪ್ಟಿಸ್ಟ್ ಪಂಥದ ಮಿಷನರಿಗಳು. ವೈದ್ಯರಿಲ್ಲದ ಆ ಬೆಟ್ಟದ ಹಳ್ಳಿಗಳಲ್ಲಿ ಅವರು ಧರ್ಮಬೋಧನೆಯ ಜೊತೆಗೆ ಸರಳ ಚಿಕಿತ್ಸೆಯನ್ನೂ ನೀಡುತ್ತಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ ಬಾಲಕ ಪಾಲ್ ಅವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. 1929ರಲ್ಲಿ ತಂದೆ ಜ್ವರದಿಂದ ತೀರಿಕೊಂಡರು. ಮಗ ಅವರನ್ನು ಮತ್ತೆ ಕಾಣಲಾಗಲಿಲ್ಲ. ತಾಯಿ ಇಳಿವಯಸ್ಸಿನಲ್ಲೂ ಬೆಟ್ಟದ ಜನರ ನಡುವೆಯೇ ಸೇವೆ ಮುಂದುವರಿಸಿ, 1974ರಲ್ಲಿ ನಿಧನರಾದರು.

ಪಾಲ್ ಅವರು ಮೊದಲು ಕಲಿತದ್ದು ವೈದ್ಯಕೀಯವನ್ನಲ್ಲ, ಮರಗೆಲಸ ಮತ್ತು ಕಟ್ಟಡ ನಿರ್ಮಾಣವನ್ನು. ತಂದೆಯಂತೆ ಮಿಷನರಿಯಾಗುವವರಿಗೆ ಆ ಕಸುಬು ಬೇಕಾಗುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಬಳಿಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿ, ಎರಡನೆಯ ಮಹಾಯುದ್ಧದ ಬಾಂಬ್ ದಾಳಿಗಳ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ಅನುಭವ ಪಡೆದರು. 1943ರಲ್ಲಿ ಸಹಪಾಠಿ ಮಾರ್ಗರೆಟ್ ಬೆರ್ರಿ ಅವರನ್ನು ವಿವಾಹವಾದರು. ಮಾರ್ಗರೆಟ್ ಅವರು ಮುಂದೆ ಕುಷ್ಠರೋಗಿಗಳ ನೇತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದರು.

ವೆಲ್ಲೂರಿನ ಸೇವೆ

1946ರಲ್ಲಿ ಕುಷ್ಠರೋಗ ತಜ್ಞ ಡಾ. ರಾಬರ್ಟ್ ಕಾಕ್ರೇನ್ ಅವರ ಆಹ್ವಾನದ ಮೇರೆಗೆ ಬ್ರ್ಯಾಂಡ್ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠಧಾಮಕ್ಕೆ ಭೇಟಿ ನೀಡಿದಾಗ ಬೆರಳು ಮಡಿಚಿಕೊಂಡಿದ್ದ ರೋಗಿಯೊಬ್ಬರ ಕೈ ಹಿಡಿದರು. ಆ ಹಿಡಿತ ಅನಿರೀಕ್ಷಿತವಾಗಿ ಬಲವಾಗಿತ್ತು. ಕೆಲವು ಸ್ನಾಯುಗಳು ನಿಷ್ಕ್ರಿಯವಾಗಿದ್ದರೂ ಉಳಿದವು ಸುಸ್ಥಿತಿಯಲ್ಲಿವೆ ಎಂಬುದು ಇದರಿಂದ ಅವರಿಗೆ ಹೊಳೆಯಿತು. ಆರೋಗ್ಯವಂತ ಸ್ನಾಯುವಿನ ರಜ್ಜುವನ್ನು ಬೇರೆಡೆಗೆ ಜೋಡಿಸಿ ಮಡಿಚಿದ ಬೆರಳುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಅವರು ಬೆಳೆಸಿದರು. ನಡೆಯುವಾಗ ಮುಂಗಾಲು ಮೇಲೇಳದೆ ಜೋತುಬೀಳುವ ತೊಂದರೆಗೂ ಇದೇ ತತ್ತ್ವದ ಚಿಕಿತ್ಸೆ ನೆರವಾಯಿತು.

ಗುಣಮುಖರಾದವರನ್ನು ಊರು ಒಪ್ಪುತ್ತಿರಲಿಲ್ಲ. ಅವರು ಕಸುಬು ಕಲಿತು ಬದುಕಲೆಂದು ವೆಲ್ಲೂರಿನಲ್ಲಿ ನವಜೀವ ನಿಲಯ ಎಂಬ ಪುನರ್ವಸತಿ ಕೇಂದ್ರವನ್ನು ಆರಂಭಿಸಲಾಯಿತು. ಬ್ರ್ಯಾಂಡ್ ಅವರ ಮರಗೆಲಸದ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು. 1955ರಲ್ಲಿ ಸಮೀಪದ ಕರಿಗಿರಿಯಲ್ಲಿ ಕುಷ್ಠರೋಗ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು.

ಪಾದಗಳ ರಕ್ಷಣೆ

ಕುಷ್ಠರೋಗದ ರೋಗಾಣು ನರಗಳನ್ನು ಹಾನಿಗೊಳಿಸುತ್ತದೆ. ಅಂಗಾಲಿನ ಸ್ಪರ್ಶಜ್ಞಾನ ನಷ್ಟವಾದಾಗ ಮುಳ್ಳು ಚುಚ್ಚಿದರೂ ಕೆಂಡ ತುಳಿದರೂ ತಿಳಿಯುವುದಿಲ್ಲ. ಆದರೆ ದೊಡ್ಡ ಗಾಯವೊಂದೇ ಅಪಾಯವಲ್ಲ ಎಂಬುದು ಬ್ರ್ಯಾಂಡ್ ಅವರ ಮುಖ್ಯ ಶೋಧ. ಆರೋಗ್ಯವಂತರು ದೂರ ನಡೆದಾಗ ಅಂಗಾಲಿನ ಒಂದು ಭಾಗ ನೊಂದರೆ ತಮಗರಿವಿಲ್ಲದೆಯೇ ಹೆಜ್ಜೆ ಬದಲಿಸುತ್ತಾರೆ, ಕುಂಟುತ್ತಾರೆ ಅಥವಾ ಕುಳಿತುಕೊಳ್ಳುತ್ತಾರೆ. ನೋವು ತಿಳಿಯದವರು ಒಂದೇ ರೀತಿಯ ಹೆಜ್ಜೆಯನ್ನು ಸಾವಿರಾರು ಬಾರಿ ಇಡುತ್ತಾರೆ. ಆ ಜಾಗ ಮೊದಲು ಬಿಸಿಯಾಗಿ ಊದಿಕೊಳ್ಳುತ್ತದೆ, ಬಳಿಕ ಒಳಗಿನಿಂದ ಒಡೆದು ಹುಣ್ಣಾಗುತ್ತದೆ. ಹುಣ್ಣಿನ ಮೇಲೆಯೇ ನಡೆದಾಗ ಸೋಂಕು ಮೂಳೆಗೆ ಇಳಿಯುತ್ತದೆ.

ಇದರಿಂದ ಎರಡು ಪರಿಹಾರಗಳು ಹೊರಟವು. ಮೊದಲನೆಯದು ವಿಶ್ರಾಂತಿ. ಪಾದಕ್ಕೆ ಸರಿಯಾಗಿ ಅಂಟಿಕೊಳ್ಳುವ ಪ್ಲಾಸ್ಟರ್ ಕಟ್ಟು ಹಾಕಿ ಭಾರವನ್ನು ಹಂಚಿದರೆ ವರ್ಷಗಟ್ಟಲೆ ಮಾಯದ ಹುಣ್ಣು ಸಹ ವಾರಗಳಲ್ಲಿ ಮಾಯುತ್ತಿತ್ತು. ಎರಡನೆಯದು ಚಪ್ಪಲಿ. ಹಲವು ವಸ್ತುಗಳನ್ನು ಪರೀಕ್ಷಿಸಿದ ಮೇಲೆ ಮೈಕ್ರೋಸೆಲ್ಯುಲರ್ ರಬ್ಬರ್ ಎಂಬ ಮೆತ್ತನೆಯ ಹಾಸು ಸೂಕ್ತವೆನಿಸಿತು. ಅದರ ಅಡಿಗೆ ಮುಳ್ಳು ತಾಗದಂತೆ ಗಟ್ಟಿ ಅಟ್ಟೆಯನ್ನು ಅಂಟಿನಿಂದ ಕೂಡಿಸುತ್ತಿದ್ದರು. ಮೊಳೆ ಹೊಡೆಯುತ್ತಿರಲಿಲ್ಲ, ಏಕೆಂದರೆ ಸಡಿಲಾದ ಮೊಳೆ ಪಾದವನ್ನು ಇರಿದರೂ ರೋಗಿಗೆ ಗೊತ್ತಾಗದು. ಕಾಲಿನಿಂದ ಜಾರದಂತೆ ಹಿಮ್ಮಡಿಯ ಹಿಂದೆ ಪಟ್ಟಿಯನ್ನೂ ಇಡಲಾಯಿತು. ಶಸ್ತ್ರವೈದ್ಯರ ಜ್ಞಾನವೂ ಚಮ್ಮಾರರ ಕೈಚಳಕವೂ ಸೇರಿದ ಈ ಎಂ.ಸಿ.ಆರ್. ಚಪ್ಪಲಿ ಇಂದಿಗೂ ಭಾರತದಲ್ಲಿ ಬಳಕೆಯಲ್ಲಿದೆ.

ನೋವು ಮತ್ತು ನಂಬಿಕೆ

1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ದೀರ್ಘ ರೈಲು ಪ್ರಯಾಣದ ಬಳಿಕ ರಾತ್ರಿ ಕಾಲುಚೀಲ ಕಳಚುವಾಗ ಬ್ರ್ಯಾಂಡ್ ಅವರಿಗೆ ತಮ್ಮ ಹಿಮ್ಮಡಿ ಮರಗಟ್ಟಿದಂತೆ ಕಂಡಿತು. ಸೂಜಿಯಿಂದ ಚುಚ್ಚಿದರೂ ನೋವಾಗಲಿಲ್ಲ. ತಮಗೂ ಕುಷ್ಠ ತಗುಲಿತೆಂದು ಭಾವಿಸಿ, ಹೆಂಡತಿ ಮಕ್ಕಳಿಂದ ದೂರವಾಗಬೇಕಾದ ಬದುಕನ್ನು ನೆನೆಯುತ್ತ ರಾತ್ರಿ ಕಳೆದರು. ಬೆಳಿಗ್ಗೆ ಮತ್ತೆ ಚುಚ್ಚಿದಾಗ ನೋವಾಯಿತು. ಅಲುಗಾಡದೆ ಕುಳಿತಿದ್ದರಿಂದ ನರ ತಾತ್ಕಾಲಿಕವಾಗಿ ಜೋಮು ಹಿಡಿದಿತ್ತಷ್ಟೆ. ಆ ನೋವಿಗಾಗಿ ಅವರು ದೇವರಿಗೆ ಕೃತಜ್ಞತೆ ಸಲ್ಲಿಸಿದರು.

ನೋವು ದೇವರು ದೇಹಕ್ಕಿತ್ತ ಕೊಡುಗೆ ಎಂಬ ವಿಚಾರವನ್ನು ಅವರು ಫಿಲಿಪ್ ಯಾನ್ಸಿ ಅವರೊಡನೆ ಬರೆದ ಪುಸ್ತಕಗಳಲ್ಲಿ ವಿಸ್ತರಿಸಿದರು. ಇದು ಸಂಕಟವನ್ನು ವೈಭವೀಕರಿಸುವ ಮಾತಲ್ಲ. ನೋವಿಲ್ಲದವರ ಪಾದಗಳನ್ನು ದಿನವೂ ಕಂಡವರ ನಿಲುವು. ಯೇಸು ಶಿಷ್ಯರ ಪಾದ ತೊಳೆದ ಪ್ರಸಂಗವನ್ನು ಕ್ರೈಸ್ತರು ಪವಿತ್ರ ಗುರುವಾರದಂದು ವಿಧಿಯಾಗಿ ಆಚರಿಸುತ್ತಾರೆ. ಬ್ರ್ಯಾಂಡ್ ಅವರ ಪಾಲಿಗೆ ಪಾದಸೇವೆ ದಿನನಿತ್ಯದ ಕೆಲಸವಾಗಿತ್ತು.

ಅಮೆರಿಕ ಮತ್ತು ಕೊನೆಯ ವರ್ಷಗಳು

1966ರಲ್ಲಿ ಅವರು ಅಮೆರಿಕದ ಲೂಯಿಸಿಯಾನ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ತೆರಳಿ, 1986ರವರೆಗೆ ಅಲ್ಲಿ ದುಡಿದರು. ಪಾದದ ಬಿಸಿಯನ್ನು ಅಳೆದು ಹುಣ್ಣನ್ನು ಮುಂಚಿತವಾಗಿ ಗುರುತಿಸುವ ಪ್ರಯೋಗಗಳು ಅಲ್ಲಿ ನಡೆದವು. ಅಪಾಯದ ಒತ್ತಡ ಬಿದ್ದಾಗ ಎಚ್ಚರಿಸುವ ಕೃತಕ ನೋವಿನ ಸಾಧನವನ್ನೂ ಅವರ ತಂಡ ರೂಪಿಸಿತು. ಅದು ಸಫಲವಾಗಲಿಲ್ಲ; ತುರ್ತು ಕೆಲಸವಿದ್ದಾಗ ರೋಗಿಗಳು ಅದನ್ನು ನಿಲ್ಲಿಸಿಬಿಡುತ್ತಿದ್ದರು. ಇದೇ ಅವಧಿಯಲ್ಲಿ ಮಧುಮೇಹಿಗಳ ಪಾದಗಳಲ್ಲಿಯೂ ಅದೇ ಬಗೆಯ ಹಾನಿ ಆಗುತ್ತಿದೆ ಎಂಬುದನ್ನು ಅವರು ವೈದ್ಯಲೋಕಕ್ಕೆ ಮನಗಾಣಿಸಿದರು.

1960ರಲ್ಲಿ ಆಲ್ಬರ್ಟ್ ಲಾಸ್ಕರ್ ಪ್ರಶಸ್ತಿ ಮತ್ತು 1961ರಲ್ಲಿ ಬ್ರಿಟನ್ನಿನ ಸಿ.ಬಿ.ಇ. ಗೌರವ ಅವರಿಗೆ ದೊರೆತವು. ನಿವೃತ್ತಿಯ ನಂತರ ಸಿಯಾಟಲ್‌ನಲ್ಲಿ ನೆಲೆಸಿ, 2003ರಲ್ಲಿ ಅಲ್ಲಿಯೇ ನಿಧನರಾದರು.

ಇಂದಿನ ಪ್ರಸ್ತುತತೆ

ಬ್ರ್ಯಾಂಡ್ ಅವರ ತಿಳಿವಳಿಕೆ ಆಸ್ಪತ್ರೆಗೆ ಮಾತ್ರ ಸೀಮಿತವಲ್ಲ. ಹಾಸನ ಜಿಲ್ಲೆಯ ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳಲ್ಲಿ ಪಾದರಕ್ಷೆ ಕಳಚಿ ನಡೆಯುವುದು ರೂಢಿ. ಬೇಸಿಗೆಯ ನಡುಹಗಲಿನಲ್ಲಿ ಕಲ್ಲುಹಾಸು ಕಾದಿರುತ್ತದೆ. ಸಾಮಾನ್ಯ ಯಾತ್ರಿಕರು ಅಂಗಾಲು ಸುಟ್ಟೊಡನೆ ನೆರಳಿಗೆ ಓಡುತ್ತಾರೆ. ಅವರನ್ನು ಕಾಪಾಡುವುದು ನೋವೇ. ಮಧುಮೇಹದಿಂದ ಪಾದ ಮರಗಟ್ಟಿದವರು ಶಿಲ್ಪಗಳನ್ನು ನೋಡುತ್ತ ಬಿಸಿಲಿನಲ್ಲೇ ನಿಂತಿರುತ್ತಾರೆ. ಬೊಬ್ಬೆ ಕಣ್ಣಿಗೆ ಬೀಳುವುದು ಸಂಜೆಗೆ. ಅರಸೀಕೆರೆಯ ತೆಂಗಿನ ತೋಟಗಳಲ್ಲಿ ಬರಿಗಾಲಿನಲ್ಲಿ ನಡೆಯುವ ರೈತರಿಗೆ ಮುಳ್ಳು ಮತ್ತು ಚಿಪ್ಪಿನ ಚೂರುಗಳಿಂದ ಇಂತಹುದೇ ಅಪಾಯವಿದೆ.

ಪ್ರತಿದಿನ ಅಂಗಾಲನ್ನು ಕಣ್ಣಾರೆ ನೋಡುವುದು, ಕಾಣದಿದ್ದರೆ ಕನ್ನಡಿಯನ್ನೋ ಮನೆಯವರ ನೆರವನ್ನೋ ಪಡೆಯುವುದು, ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸುವುದು, ದೇವಾಲಯಕ್ಕೆ ಬೆಳಗಿನ ಹೊತ್ತು ಹೋಗುವುದು, ಹುಣ್ಣಾದರೆ ನಡಿಗೆ ನಿಲ್ಲಿಸಿ ವೈದ್ಯರನ್ನು ಕಾಣುವುದು ಮುಖ್ಯ ಕ್ರಮಗಳು. ಒಣಗಿದ ಚರ್ಮಕ್ಕಾಗಿ ಕುಷ್ಠರೋಗಿಗಳು ಪಾದಗಳನ್ನು ನೀರಿನಲ್ಲಿ ನೆನೆಸಿ ಎಣ್ಣೆ ಸವರುವ ಪದ್ಧತಿಯಿದೆ. ಆದರೆ ಮಧುಮೇಹಿಗಳು ಹೆಚ್ಚು ಹೊತ್ತು ನೆನೆಸಬಾರದೆಂದು ವೈದ್ಯರು ಸೂಚಿಸುತ್ತಾರೆ. ನೋವು ಮಾಡಬೇಕಾದ ಕಾವಲನ್ನು ಕಣ್ಣು ವಹಿಸಿಕೊಳ್ಳಬೇಕೆಂಬುದೇ ಈ ಎಲ್ಲ ಕ್ರಮಗಳ ಸಾರ.