ಮಾನ್ಯಖೇಟದಿಂದ ಮಹಾಬೋಧಿಗೆ: ವಿದ್ಯೆಗಾಗಿ ಪರನಾಡಿಗೆ ಹೋದ ಅಕಲಂಕ ದೇವರು

ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದ್ ಕಡೆಗೆ ಹೊರಟ ರೈಲು ಚಿತ್ತಾಪುರ ದಾಟಿದ ಮೇಲೆ, ಸೇಡಂ ಬರುವುದಕ್ಕೆ ಮೊದಲು, ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಈ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ನದಿಯ ದಡದಲ್ಲಿ ಇಂದು ಉಳಿದಿರುವುದು ಹಳೆಯ ಕೋಟೆ, ಶ್ರೀ ನೇಮಿನಾಥ ಬಸದಿ ಮತ್ತು ಅಪಾರವಾದ ನೆನಪು. ಆ ನೆನಪುಗಳಲ್ಲಿ ಒಂದು, ಓದಲೆಂದು ಈ ಊರಿನಿಂದ ದೂರದ ನಾಡಿಗೆ ಹೊರಟ ಇಬ್ಬರು ಸಹೋದರರದು. ಅವರಲ್ಲಿ ಒಬ್ಬರಷ್ಟೇ ಬದುಕಿ ಉಳಿದರು. ಅವರೇ ಜೈನ ನ್ಯಾಯಶಾಸ್ತ್ರಕ್ಕೆ ಭದ್ರವಾದ ಅಡಿಪಾಯ ಹಾಕಿದ ಭಟ್ಟ ಅಕಲಂಕ ದೇವರು.

ಅಕಲಂಕರ ಕಾಲ 8ನೇ ಶತಮಾನವೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅವರ ಜೀವನದ ವಿವರಗಳು ನಮಗೆ ದೊರೆಯುವುದು ಮುಖ್ಯವಾಗಿ 11ನೇ ಶತಮಾನದ ಪ್ರಭಾಚಂದ್ರರ ಕಥಾಕೋಶದಿಂದ ಮತ್ತು 16ನೇ ಶತಮಾನದ ಬ್ರಹ್ಮ ನೇಮಿದತ್ತರ ಆರಾಧನಾ ಕಥಾಕೋಶದಿಂದ. ಕನ್ನಡದಲ್ಲಿ ದೇವಚಂದ್ರನ ರಾಜಾವಳಿ ಕಥೆ ಇದೇ ಕಥೆಯನ್ನು ಕಂಚಿಯ ಸೀಮೆಯಲ್ಲಿ ನಡೆದಂತೆ ಹೇಳುತ್ತದೆ. ತತ್ತ್ವಾರ್ಥ ರಾಜವಾರ್ತಿಕದ ಒಂದು ಶ್ಲೋಕ ಅಕಲಂಕರನ್ನು ಲಘುಹವ್ವನೆಂಬ ರಾಜನ ಮಗನೆಂದು ಕರೆಯುತ್ತದೆ. ಕಥಾಕೋಶಗಳ ಪ್ರಕಾರ ಅವರ ಊರು ಮಾನ್ಯಖೇಟ, ಅಲ್ಲಿನ ರಾಜ ಶುಭತುಂಗ, ಅವರ ತಂದೆ ರಾಜಮಂತ್ರಿ ಪುರುಷೋತ್ತಮ, ತಾಯಿ ಪದ್ಮಾವತಿ, ತಮ್ಮ ನಿಷ್ಕಲಂಕ. ಶುಭತುಂಗವೆಂಬುದು ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಬಿರುದು. ಮಾನ್ಯಖೇಟ ರಾಜಧಾನಿಯಾಗಿ ಮೆರೆದದ್ದು ಅವನ ನಂತರ, 9ನೇ ಶತಮಾನದ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಆದರೂ ಅಕಲಂಕರು ಮಳಖೇಡದವರೆಂಬ ನಂಬಿಕೆ ನಮ್ಮ ಸಮಾಜದಲ್ಲಿ ಗಟ್ಟಿಯಾಗಿ ಬೇರೂರಿದೆ.

ಎಂಟು ದಿನದ ವ್ರತ

ನಂದೀಶ್ವರ ಅಷ್ಟಾಹ್ನಿಕ ಪರ್ವದ ಸಮಯದಲ್ಲಿ ಪುರುಷೋತ್ತಮ ದಂಪತಿ ರವಿಗುಪ್ತ ಮುನಿಗಳ ದರ್ಶನಕ್ಕೆ ಹೋದರು. ಪರ್ವದ ಎಂಟು ದಿನಗಳಿಗೆ ತಾವು ಬ್ರಹ್ಮಚರ್ಯ ವ್ರತ ತೆಗೆದುಕೊಂಡರು. ಜೊತೆಯಲ್ಲಿದ್ದ ಮಕ್ಕಳಿಗೂ ವಿನೋದಕ್ಕೆಂಬಂತೆ ಅದೇ ವ್ರತ ಕೊಡಿಸಿದರು. ಕೆಲವು ವರ್ಷಗಳು ಕಳೆದವು. ಮನೆಯಲ್ಲಿ ಮದುವೆಯ ಸಿದ್ಧತೆ ನಡೆದಾಗ ಮಕ್ಕಳಿಬ್ಬರೂ ತಮಗೆ ವ್ರತವಿದೆ ಎಂದು ನೆನಪಿಸಿದರು. ಅದು ತಮಾಷೆಗೆ ಕೊಡಿಸಿದ್ದು, ಅದೂ ಎಂಟೇ ದಿನಕ್ಕೆ ಎಂದು ತಂದೆ ತಿಳಿಹೇಳಿದರು. ಧರ್ಮದ ವಿಷಯದಲ್ಲಿ ತಮಾಷೆಯಿಲ್ಲವೆಂದೂ, ತಾವು ವ್ರತ ಪಡೆಯುವಾಗ ದಿನದ ಲೆಕ್ಕವನ್ನು ಯಾರೂ ಹೇಳಿರಲಿಲ್ಲವೆಂದೂ ಮಕ್ಕಳು ಉತ್ತರಿಸಿದರು. ಮದುವೆ ನಿಂತಿತು. ಸಹೋದರರು ಶಾಸ್ತ್ರಾಭ್ಯಾಸಕ್ಕೆ ತೊಡಗಿದರು.

ಒಮ್ಮೆ ಆಡಿದ ಮಾತಿಗೆ ಹೀಗೆ ಕಟ್ಟುಬಿದ್ದ ಈ ಹುಡುಗರೇ ಮುಂದೆ ತಮ್ಮ ಗುರುತನ್ನು ಮುಚ್ಚಿಟ್ಟು ಬದುಕಬೇಕಾಯಿತು. ಅವರ ಕಥೆಯ ಸಂಕಟವೆಲ್ಲ ಇಲ್ಲಿಯೇ ಇದೆ.

ಹೊರಡಲು ಕಾರಣ

ಆ ಕಾಲದಲ್ಲಿ ಮತಗಳ ನಡುವಿನ ಸೋಲು ಗೆಲುವು ವಾದಸಭೆಗಳಲ್ಲಿ ನಿರ್ಧಾರವಾಗುತ್ತಿತ್ತು. ಗೆದ್ದವರಿಗೆ ರಾಜಾಶ್ರಯ, ಸೋತವರಿಗೆ ದಾನ, ದತ್ತಿ, ಉತ್ಸವಗಳೆಲ್ಲ ಕೈತಪ್ಪುವ ಭಯ. ಬೌದ್ಧ ಆಚಾರ್ಯರಾದ ದಿಙ್ನಾಗ ಮತ್ತು ಧರ್ಮಕೀರ್ತಿ ತರ್ಕಶಾಸ್ತ್ರವನ್ನು ಹೊಸ ಎತ್ತರಕ್ಕೆ ಒಯ್ದಿದ್ದರು. ಧರ್ಮಕೀರ್ತಿ ಜೈನರ ಅನೇಕಾಂತವನ್ನು ನೇರವಾಗಿ ಅಣಕಿಸಿದ್ದ. ಅದಕ್ಕೆ ಉತ್ತರ ಕೊಡಬೇಕಾದರೆ ಆ ಗ್ರಂಥಗಳನ್ನು ಬಲ್ಲ ಗುರುವಿನ ಬಳಿ ಕುಳಿತು ಅಕ್ಷರ ಅಕ್ಷರವಾಗಿ ಕಲಿಯಬೇಕಿತ್ತು. ಮಾನ್ಯಖೇಟದಲ್ಲಿ ಅಂಥ ಗುರುವಿರಲಿಲ್ಲ. ಆದ್ದರಿಂದ ಸಹೋದರರು ಮಹಾಬೋಧಿಗೆ ಹೊರಟರು.

ಮಗಧದ ವಿದ್ಯಾಕೇಂದ್ರಗಳಿಗೆ ಹೊರನಾಡಿನ ವಿದ್ಯಾರ್ಥಿಗಳು ಬರುವುದು ಹೊಸದೇನೂ ಆಗಿರಲಿಲ್ಲ. ಬೋಧಗಯೆಯಲ್ಲಿ ತಮ್ಮ ಭಿಕ್ಷುಗಳಿಗೆ ತಂಗಲು ಜಾಗವಿಲ್ಲವೆಂದು 4ನೇ ಶತಮಾನದಲ್ಲಿ ಸಿಂಹಳದ ರಾಜ ಮೇಘವರ್ಣ ಸಮುದ್ರಗುಪ್ತನಲ್ಲಿಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿ, ಅನುಮತಿ ಪಡೆದು ವಿಹಾರ ಕಟ್ಟಿಸಿದ್ದ. ಚೀನಾದ ಹ್ಯೂಯೆನ್ ತ್ಸಾಂಗ್ 629ರಲ್ಲಿ ತನ್ನ ದೇಶದ ಗಡಿ ದಾಟಿದ್ದು ಚಕ್ರವರ್ತಿಯ ಅನುಮತಿಯಿಲ್ಲದೆ, ಕಾವಲುಗಾರರ ಕಣ್ಣು ತಪ್ಪಿಸಿ. 645ರಲ್ಲಿ ಗ್ರಂಥರಾಶಿಯೊಡನೆ ಹಿಂತಿರುಗಿದಾಗ ಅದೇ ಚಕ್ರವರ್ತಿ ಅವನನ್ನು ಸ್ವಾಗತಿಸಿದ. ನಾಳಂದದ ಬಾಗಿಲಲ್ಲೇ ವಿದ್ವಾಂಸರು ಬಂದವರನ್ನು ಪ್ರಶ್ನಿಸುತ್ತಿದ್ದರು, ಹತ್ತರಲ್ಲಿ ಏಳೆಂಟು ಮಂದಿ ಉತ್ತರಿಸಲಾಗದೆ ಮರಳುತ್ತಿದ್ದರು ಎಂದು ಅವನು ದಾಖಲಿಸಿದ್ದಾನೆ.

ಅಕಲಂಕ ನಿಷ್ಕಲಂಕರಿಗೆ ಇಂಥ ಪರೀಕ್ಷೆಯ ಭಯವಿರಲಿಲ್ಲ. ಅಕಲಂಕರು ಏಕಸಂಧಿ, ಒಮ್ಮೆ ಕೇಳಿದ್ದು ಮನಸ್ಸಿನಲ್ಲಿ ನಿಲ್ಲುತ್ತಿತ್ತು. ನಿಷ್ಕಲಂಕರು ದ್ವಿಸಂಧಿ, ಅವರಿಗೆ ಎರಡು ಬಾರಿ ಕೇಳಿದರೆ ಸಾಕಾಗುತ್ತಿತ್ತು. ಅವರಿಗೆ ಅಡ್ಡಿಯಾದದ್ದು ಬೇರೆ. ವಾದದಲ್ಲಿ ನಾಳೆ ಎದುರು ನಿಲ್ಲುವವನಿಗೆ ತಮ್ಮ ಶಾಸ್ತ್ರದ ಒಳಗುಟ್ಟನ್ನು ಕಲಿಸಲು ಯಾವ ಮತದವರೂ ಒಪ್ಪುತ್ತಿರಲಿಲ್ಲ. ಜೈನರೆಂದು ಹೇಳಿದರೆ ಪ್ರವೇಶವಿಲ್ಲ. ಸಹೋದರರು ಏನೂ ಓದದ ಬೌದ್ಧ ವಿದ್ಯಾರ್ಥಿಗಳಂತೆ ವೇಷ ಧರಿಸಿ ಗುರುಗಳ ಬಳಿ ಸೇರಿದರು.

ತಿದ್ದಿದ ಒಂದು ಪಾಠ

ಒಂದು ದಿನ ಗುರುಗಳು ದಿಙ್ನಾಗನ ಗ್ರಂಥದಲ್ಲಿ ಸಪ್ತಭಂಗಿಯನ್ನು ಖಂಡಿಸುವ ಭಾಗವನ್ನು ವಿವರಿಸುತ್ತಿದ್ದರು. ಖಂಡನೆಗೆ ಮೊದಲು ಬರುವ ಪೂರ್ವಪಕ್ಷದಲ್ಲಿ ಪಾಠ ಅಶುದ್ಧವಾಗಿತ್ತು. ಅರ್ಥ ಕೂಡಿಬರಲಿಲ್ಲ. ಗುರುಗಳು ಪಾಠ ನಿಲ್ಲಿಸಿ ಹೊರಗೆ ಹೋದರು. ಆ ಬಿಡುವಿನಲ್ಲಿ ಅಕಲಂಕರು ತಪ್ಪನ್ನು ತಿದ್ದಿಟ್ಟರು. ತಮ್ಮ ಮತವನ್ನು ಖಂಡಿಸುವ ಗ್ರಂಥವೇ ಆದರೂ ತಪ್ಪು ಪಾಠವನ್ನು ಹಾಗೆಯೇ ಬಿಡಲು ಅವರಿಂದಾಗಲಿಲ್ಲ. ಗುರುತನ್ನು ಬಚ್ಚಿಟ್ಟಿದ್ದವರು ವಿದ್ಯೆಯನ್ನು ಬಚ್ಚಿಡಲಾರದೆ ಹೋದರು.

ಮರಳಿ ಬಂದ ಗುರುಗಳಿಗೆ ತಕ್ಷಣ ಅರ್ಥವಾಯಿತು: ಸಪ್ತಭಂಗಿಯನ್ನು ಇಷ್ಟು ಶುದ್ಧವಾಗಿ ಬಲ್ಲವನು ಜೈನನೇ ಆಗಿರಬೇಕು. ಪರೀಕ್ಷೆಗಳು ಆರಂಭವಾದವು. ಜಿನಬಿಂಬವನ್ನಿಟ್ಟು ದಾಟಲು ಹೇಳಿದರು. ಅಕಲಂಕರು ಬಿಂಬದ ಮೇಲೆ ಒಂದು ನೂಲೆಳೆ ಹಾಕಿದರು. ನೂಲು ಬಿದ್ದ ಬಿಂಬ ನಿರ್ಗ್ರಂಥವಲ್ಲವೆಂದು ಮನಸ್ಸಿನಲ್ಲಿ ಭಾವಿಸಿಕೊಂಡು ದಾಟಿದರು. ಕೊನೆಗೆ ಒಂದು ರಾತ್ರಿ, ವಿದ್ಯಾರ್ಥಿಗಳೆಲ್ಲ ಮಲಗಿದ್ದಾಗ, ಮೇಲಿನಿಂದ ಕಂಚಿನ ಪಾತ್ರೆಗಳನ್ನು ಕೆಡವಿ ಭಾರೀ ಸದ್ದು ಮಾಡಿಸಿದರು. ಬೆಚ್ಚಿಬಿದ್ದ ಸಹೋದರರ ಬಾಯಿಂದ ಹೊರಟದ್ದು ಪಂಚ ನಮಸ್ಕಾರ ಮಂತ್ರ. ಹಗಲಿನ ವೇಷ ನಿದ್ದೆಯಲ್ಲಿ ಉಳಿಯಲಿಲ್ಲ. ಇಬ್ಬರನ್ನೂ ಹಿಡಿದು ಏಳನೆಯ ಅಂತಸ್ತಿನಲ್ಲಿ ಕೂಡಿಹಾಕಿದರು.

ಕೊಳದ ದಡದಲ್ಲಿ

ಛತ್ರಿಯೊಂದರ ಆಸರೆಯಿಂದ ಮೇಲಿನಿಂದ ಜಿಗಿದು ಸಹೋದರರು ತಪ್ಪಿಸಿಕೊಂಡರು. ಬೆಳಗಾಗುತ್ತಲೇ ಕುದುರೆ ಸವಾರರು ಬೆನ್ನಟ್ಟಿದರು. ಗೊರಸಿನ ಸದ್ದು ಹತ್ತಿರವಾದಾಗ ದಾರಿಯಲ್ಲಿ ತಾವರೆಗಳಿಂದ ತುಂಬಿದ ಒಂದು ಕೊಳ ಕಂಡಿತು. ಅಡಗಿಕೊಳ್ಳುವಂತೆ ನಿಷ್ಕಲಂಕರು ಅಣ್ಣನನ್ನು ಒತ್ತಾಯಿಸಿದರು. ಕಲಿತದ್ದೆಲ್ಲ ಏಕಸಂಧಿಯಾದ ಅಣ್ಣನ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದಿದೆ, ಜಿನಶಾಸನಕ್ಕೆ ಬೇಕಾದದ್ದು ಆ ಜೀವ ಎಂಬುದು ತಮ್ಮನ ಲೆಕ್ಕವಾಗಿತ್ತು. ಅಕಲಂಕರು ನೀರಿಗಿಳಿದು ತಾವರೆ ಎಲೆಗಳ ಮರೆಯಲ್ಲಿ ನಿಂತರು. ನಿಷ್ಕಲಂಕರು ಓಡುತ್ತಲೇ ಹೋದರು.

ಅಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳನೊಬ್ಬ ಧೂಳೆಬ್ಬಿಸಿಕೊಂಡು ಬರುತ್ತಿದ್ದ ಸವಾರರನ್ನು ಕಂಡು ಹೆದರಿ ನಿಷ್ಕಲಂಕರ ಜೊತೆಗೆ ಓಡತೊಡಗಿದ. ಸವಾರರು ಇಬ್ಬರನ್ನೂ ಕೊಂದು ಹಿಂತಿರುಗಿದರು. ಹೆಸರಿಲ್ಲದ ಆ ಮಡಿವಾಳನಿಗೆ ಈ ವಾದ ವಿವಾದಗಳ ಯಾವ ಸಂಬಂಧವೂ ಇರಲಿಲ್ಲ. ಅವನ ಸಾವನ್ನೂ ಕಥಾಕೋಶ ಮರೆಯದೆ ಹೇಳುತ್ತದೆ. ಅಕಲಂಕರ ಮುಂದಿನ ಬದುಕಿನ ಹಿಂದೆ ಎರಡು ಜೀವಗಳ ಋಣವಿದೆ.

ಹಿಮಶೀತಳನ ಸಭೆ

ನಂತರ ಅಕಲಂಕರು ಕಾಣಿಸಿಕೊಳ್ಳುವುದು ಕಳಿಂಗದ ರತ್ನಸಂಚಯಪುರದಲ್ಲಿ. ಅಲ್ಲಿನ ರಾಜ ಹಿಮಶೀತಳನ ರಾಣಿ ಮದನಸುಂದರಿ ಜಿನಭಕ್ತೆ. ಅಷ್ಟಾಹ್ನಿಕ ಪರ್ವದಲ್ಲಿ ಆಕೆ ನಡೆಸಬೇಕೆಂದಿದ್ದ ರಥಯಾತ್ರೆಗೆ ಬೌದ್ಧ ಗುರು ಸಂಘಶ್ರೀ ತಡೆಯೊಡ್ಡಿದ್ದ. ವಾದದಲ್ಲಿ ಗೆದ್ದವರ ರಥ ಹೊರಡಲಿ ಎಂಬ ಷರತ್ತಿಗೆ ರಾಜನೂ ಒಪ್ಪಿದ್ದ. ಅಕಲಂಕರು ಈ ಬಾರಿ ವೇಷ ಧರಿಸಲಿಲ್ಲ. ಜೈನರಾಗಿಯೇ, ತಮ್ಮ ಹೆಸರಿನಲ್ಲೇ ರಾಜಸಭೆಯಲ್ಲಿ ನಿಂತರು.

ವಾದ ಆರು ತಿಂಗಳು ನಡೆಯಿತು. ತೆರೆಯ ಹಿಂದೆ ಘಟದಲ್ಲಿ ನೆಲೆಸಿದ್ದ ತಾರಾದೇವಿಯೇ ಸಂಘಶ್ರೀಯ ಪರವಾಗಿ ಉತ್ತರಿಸುತ್ತಿದ್ದಳು ಎಂದು ಕಥೆ ಹೇಳುತ್ತದೆ. ಹಿಂದಿನ ದಿನ ಹೇಳಿದ್ದನ್ನೇ ಮತ್ತೊಮ್ಮೆ ಹೇಳುವಂತೆ ಕೇಳಬೇಕೆಂದು ಚಕ್ರೇಶ್ವರಿ ದೇವಿ ಅಕಲಂಕರಿಗೆ ಸೂಚಿಸಿದಳು. ಅವರು ಕೇಳಿದರು. ತೆರೆಯ ಹಿಂದಿನಿಂದ ಉತ್ತರ ಬರಲಿಲ್ಲ. ಅಕಲಂಕರು ತೆರೆ ಸರಿಸಿ ಘಟವನ್ನು ಒದ್ದು ಒಡೆದರು. ರಾಣಿಯ ರಥ ಸಡಗರದಿಂದ ಹೊರಟಿತು.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿಯಲ್ಲೂ ಹಿಮಶೀತಳನ ಸಭೆಯ ಈ ಪ್ರಸಂಗವಿದೆ. ಸಾಹಸತುಂಗನೆಂಬ ರಾಜನ ಸಭೆಯಲ್ಲಿ ಅಕಲಂಕರು ಮಾತನಾಡಿದ್ದನ್ನೂ ಅದು ಸ್ಮರಿಸುತ್ತದೆ. ಆ ವಾದ ಅಹಂಕಾರದಿಂದಲೂ ದ್ವೇಷದಿಂದಲೂ ಹುಟ್ಟಿದ್ದಲ್ಲ, ಜನರ ಮೇಲಿನ ಕರುಣೆಯಿಂದ ನಡೆದದ್ದು ಎಂಬುದು ಆ ಶಾಸನದ ಆಶಯ.

ಕಲಿತದ್ದರ ಫಲ

ಕಥೆಯ ಮಾತು ಏನೇ ಇರಲಿ, ಅಕಲಂಕರು ಬೌದ್ಧ ತರ್ಕವನ್ನು ಆಳವಾಗಿ ಓದಿದ್ದರು ಎಂಬುದಕ್ಕೆ ಅವರ ಗ್ರಂಥಗಳೇ ಸಾಕ್ಷಿ. ಸಮಂತಭದ್ರರ ಆಪ್ತಮೀಮಾಂಸೆಗೆ ಅಷ್ಟಶತೀ, ತತ್ತ್ವಾರ್ಥ ಸೂತ್ರಕ್ಕೆ ರಾಜವಾರ್ತಿಕ ಎಂಬ ವ್ಯಾಖ್ಯಾನಗಳು. ಲಘೀಯಸ್ತ್ರಯ, ನ್ಯಾಯವಿನಿಶ್ಚಯ, ಸಿದ್ಧಿವಿನಿಶ್ಚಯ, ಪ್ರಮಾಣಸಂಗ್ರಹ ಎಂಬ ಸ್ವತಂತ್ರ ಕೃತಿಗಳು ಅವರವು.

ಎಲ್ಲ ವಸ್ತುವೂ ಅನೇಕಾತ್ಮಕವಾದರೆ ಮೊಸರು ಒಂಟೆಯೂ ಆಗಬಹುದಲ್ಲ, ಮೊಸರು ತಿನ್ನು ಎಂದಾಗ ಒಂಟೆಯನ್ನೇಕೆ ತಿನ್ನಬಾರದು ಎಂಬುದು ಧರ್ಮಕೀರ್ತಿಯ ಅಣಕ. ನ್ಯಾಯವಿನಿಶ್ಚಯದಲ್ಲಿ ಅಕಲಂಕರು ಇದಕ್ಕೆ ಬೌದ್ಧರ ಜಾತಕ ಕಥೆಯಿಂದಲೇ ಉತ್ತರ ಎತ್ತಿಕೊಂಡರು. ಬುದ್ಧನು ಹಿಂದಿನ ಒಂದು ಜನ್ಮದಲ್ಲಿ ಜಿಂಕೆಯಾಗಿದ್ದ. ಆದರೂ ಜನ ಬುದ್ಧನನ್ನು ಪೂಜಿಸುತ್ತಾರೆ, ಜಿಂಕೆಯನ್ನು ತಿನ್ನುತ್ತಾರೆ. ಸಂತತಿ ಒಂದೇ ಆದರೂ ಅವಸ್ಥೆಗಳು ಬೇರೆ ಎಂದು ಬೌದ್ಧರೂ ಒಪ್ಪಿದಂತಾಯಿತು. ಹಾಗೆಯೇ ಮೊಸರು ಮೊಸರೇ, ಒಂಟೆ ಒಂಟೆಯೇ. ಎದುರಾಳಿಯ ಗ್ರಂಥಗಳನ್ನು ಒಳಗಿನಿಂದ ಬಲ್ಲವರಷ್ಟೇ ಕೊಡಬಹುದಾದ ಉತ್ತರವಿದು.

ಇಂದ್ರಿಯಗಳಿಂದ ಬರುವ ಜ್ಞಾನವನ್ನು ಜೈನ ಆಗಮಗಳು ಪರೋಕ್ಷವೆನ್ನುತ್ತವೆ. ಉಳಿದ ಮತದವರೆಲ್ಲ ಕಣ್ಣಿಗೆ ಕಂಡದ್ದನ್ನು ಪ್ರತ್ಯಕ್ಷವೆನ್ನುತ್ತಿದ್ದರಿಂದ ವಾದಸಭೆಯಲ್ಲಿ ಜೈನರಿಗೆ ಇದು ಕಷ್ಟದ ಸ್ಥಿತಿಯಾಗಿತ್ತು. ಅಕಲಂಕರು ಅದನ್ನು ಸಾಂವ್ಯವಹಾರಿಕ ಪ್ರತ್ಯಕ್ಷವೆಂದು ಕರೆದು, ಆಗಮಕ್ಕೂ ಲೋಕವ್ಯವಹಾರಕ್ಕೂ ಹೊಂದಿಕೆ ತಂದರು. ಬೌದ್ಧರು ಪ್ರಮಾಣವೆಂದು ಒಪ್ಪದ ಸ್ಮೃತಿಗೂ ಪ್ರಮಾಣದ ಸ್ಥಾನ ಕೊಟ್ಟರು. ಮುಂದೆ ಮಾಣಿಕ್ಯನಂದಿಗಳ ಪರೀಕ್ಷಾಮುಖ, ವಿದ್ಯಾನಂದರ ಅಷ್ಟಸಹಸ್ರೀ, ವಾದಿರಾಜರ ಮತ್ತು ಪ್ರಭಾಚಂದ್ರರ ವ್ಯಾಖ್ಯಾನಗಳು ಬೆಳೆದದ್ದು ಈ ನೆಲದ ಮೇಲೆಯೇ. ಅಕಲಂಕರ ಪ್ರಮಾಣ, ಪೂಜ್ಯಪಾದರ ವ್ಯಾಕರಣ, ಧನಂಜಯನ ಕಾವ್ಯ ಇವು ಮೂರು ರತ್ನಗಳೆಂಬ ಹೊಗಳಿಕೆ ಧನಂಜಯ ನಾಮಮಾಲೆಯಲ್ಲಿದೆ.

ಇಂದಿನ ಬಾಗಿಲುಗಳು

ಇಂದು ನಮ್ಮ ಮನೆಗಳ ಮಕ್ಕಳೂ ಓದಲು ಕಡಲಾಚೆಗೆ ಹೋಗುತ್ತಿದ್ದಾರೆ. ಅಲ್ಲಿ ಪ್ರವೇಶಕ್ಕಾಗಿ ಧರ್ಮವನ್ನು ಮರೆಮಾಚಬೇಕಾಗಿಲ್ಲ. ಆಹಾರ ನಿಯಮವನ್ನೂ ಪರ್ವದ ಉಪವಾಸವನ್ನೂ ಬಾಯಿಬಿಟ್ಟು ಹೇಳಬಹುದು. ವಿಶ್ವವಿದ್ಯಾಲಯದ ಪ್ರವೇಶ ಪತ್ರ, ಅಂಕಪಟ್ಟಿ, ಭಾಷಾ ಪರೀಕ್ಷೆ, ಖರ್ಚಿಗೆ ಹಣವಿದೆ ಎಂಬುದಕ್ಕೆ ದಾಖಲೆ ಇವೇ ಈಗಿನ ದ್ವಾರಪಾಲಕರ ಪ್ರಶ್ನೆಗಳು. ಅವಕ್ಕೆ ಸುಳ್ಳು ಕಾಗದ ಕೊಟ್ಟು ಸಿಕ್ಕಿಬಿದ್ದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷದವರೆಗೆ ಬಾಗಿಲು ಮುಚ್ಚುತ್ತದೆ. ಅಮೆರಿಕದಲ್ಲಿ ವಿಶೇಷ ವಿನಾಯಿತಿ ಸಿಗದ ಹೊರತು ಆ ತಡೆ ಜೀವಮಾನವಿಡೀ ಇರುತ್ತದೆ. ಅಕಲಂಕರ ಮುಂದೆ ಬೇರೆ ದಾರಿ ಇರಲಿಲ್ಲ. ಇಂದಿನ ವಿದ್ಯಾರ್ಥಿಗೆ ಇದೆ.

ಮಳಖೇಡದ ನೇಮಿನಾಥ ಬಸದಿಗೆ ಶಹಾಬಾದ್, ಚಿತ್ತಾಪುರ, ಚಿಂಚೋಳಿ, ಸೇಡಂ ಯಾವ ಕಡೆಯಿಂದಲೂ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಮಗನನ್ನೋ ಮಗಳನ್ನೋ ದೂರದೇಶಕ್ಕೆ ಕಳುಹಿಸುವ ಮುನ್ನ ಒಮ್ಮೆ ಅಲ್ಲಿ ಕೈಮುಗಿದು ಬರಬಹುದು. ಅಲ್ಲಿ ಅಕಲಂಕರನ್ನು ನೆನೆಯುವಾಗ, ತಾವರೆ ಕೊಳದ ದಡದಿಂದ ಮುಂದಕ್ಕೆ ಓಡಿದ ತಮ್ಮನನ್ನೂ ನೆನೆಯುವುದು ಉಚಿತ.